ಇಬ್ಬರ ಬಿಲ್ಲು

ಜನವರಿ 9

ವಿದ್ಯುತ್ ಕಂಪನಿಯ ದೂರು ವಿಭಾಗದ ಅಧಿಕಾರಿಗಳಿಗೆ,

ಮೊದಲೇ ಒಂದು ಮಾತು ಸ್ಪಷ್ಟವಾಗಲಿ. ನಮ್ಮ ಬಡಾವಣೆಯ ದೂರುಗಳನ್ನು ನೋಡುವ ಅಧಿಕಾರಿ ನನ್ನ ಮಗಳು ಎಂಬುದು ನನಗೆ ಗೊತ್ತಿದೆ. ಅದಕ್ಕಾಗಿಯೇ ಬರೆಯುತ್ತಿದ್ದೇನೆ ಎಂದು ಯಾರೂ ತಿಳಿಯಬಾರದು. ಒಂದೂವರೆ ವರ್ಷದ ಹಿಂದೆ, ನಮ್ಮ ಮನೆಯ ಕರೆಂಟು ಕತ್ತರಿಸಿ ಹೋದವನನ್ನೇ ಅವಳು ಮದುವೆಯಾದ ದಿನ, ಇನ್ನು ಅವಳಿಗೆ ಒಂದು ಸಾಲು ಕಾಗದ ಬರೆದರೆ ನನ್ನ ಕೈಯಲ್ಲಿ ಸೂಜಿ ನಿಲ್ಲದಿರಲಿ ಎಂದು ಆಣೆ ಇಟ್ಟಿದ್ದೇನೆ. ಹೊಲಿಗೆಯವಳಿಗೆ ಇದಕ್ಕಿಂತ ದೊಡ್ಡ ಆಣೆ ಇಲ್ಲ. ಆದ್ದರಿಂದ ಇದು ಮಗಳಿಗೆ ಬರೆದದ್ದಲ್ಲ, ಕಂಪನಿಗೆ ಬರೆದದ್ದು. ಓದುವವರು ಯಾರೇ ಆಗಿರಲಿ, ಕಂಪನಿಯವರಾಗಿ ಓದಬೇಕು.

ಈಗ ದೂರು. ಈ ಮನೆಯಲ್ಲಿ ಮೊದಲು ಇಬ್ಬರಿದ್ದೆವು, ಈಗ ನಾನೊಬ್ಬಳೇ. ಮೋಟಾರು ಹಾಕಿದ ಹೊಲಿಗೆ ಯಂತ್ರ, ಇಸ್ತ್ರಿಪೆಟ್ಟಿಗೆ, ಕೂತಲ್ಲಿಗೊಂದು ದೀಪ, ಇಷ್ಟೇ ನನ್ನ ಖರ್ಚು. ಹೋದವಳು ಬಚ್ಚಲಿಗೆ ಹೊಕ್ಕರೆ ಗೀಸರಿಗೇ ಬೇಸರ ಬರುವವರೆಗೆ ಹೊರಗೆ ಬರುತ್ತಿರಲಿಲ್ಲ. ಹಗಲಲ್ಲೂ ದೀಪ, ನಿದ್ದೆಯಲ್ಲೂ ರೇಡಿಯೊ. ಅದೆಲ್ಲ ನಿಂತುಹೋಗಿದೆ. ಬಿಲ್ಲು ಮಾತ್ರ ಆಗ ಎಷ್ಟು ಬರುತ್ತಿತ್ತೋ ಈಗಲೂ ಅಷ್ಟೇ ಬರುತ್ತಿದೆ. ಒಬ್ಬಳಿಗೆ ಹೊಲಿದು ಇಬ್ಬರ ಕೂಲಿ ಕೇಳಿದರೆ ನನ್ನ ಗಿರಾಕಿಗಳು ನನ್ನನ್ನು ಸುಮ್ಮನೆ ಬಿಡುತ್ತಾರೆಯೇ?

ಇನ್ನೊಂದು. ಬಿಲ್ಲಿನಲ್ಲಿ ‘ನಿಗದಿತ ಶುಲ್ಕ’ ಎಂಬ ಸಾಲಿದೆ. ನಾನು ಜ್ವರ ಬಂದು ಹತ್ತು ದಿನ ಯಂತ್ರ ಮುಟ್ಟದೆ ಮಲಗಿದ್ದ ತಿಂಗಳಲ್ಲೂ ಅದು ಕದಲಲಿಲ್ಲ. ದೀಪ ಹಚ್ಚದಿದ್ದದ್ದಕ್ಕೂ ದುಡ್ಡು ಕೊಡಬೇಕೆಂದರೆ ಯಾವ ನ್ಯಾಯ?

ನಿಮ್ಮ ಫೋನ್ ನಂಬರಿಗೂ ಮಾಡಿ ನೋಡಿದೆ. ಒಂದು ಹೆಣ್ಣು ದನಿ ಒಂದು ಒತ್ತಿ, ಎರಡು ಒತ್ತಿ ಎಂದಿತು. ನಾನು ಒತ್ತುವುದು ಇಸ್ತ್ರಿಪೆಟ್ಟಿಗೆಯನ್ನು ಮಾತ್ರ. ಆದ್ದರಿಂದ ಕಾಗದ ಬರೆದಿದ್ದೇನೆ.

ಇಂತಿ,
ನೊಂದ ಗ್ರಾಹಕಿ


ಜನವರಿ 17

ಮಾನ್ಯ ಗ್ರಾಹಕರೇ,

ತಮ್ಮ 9ನೆಯ ತಾರೀಖಿನ ಪತ್ರವು ಈ ಕಚೇರಿಗೆ ತಲುಪಿದ್ದು, ಸದರಿ ಪತ್ರವನ್ನು ತಾವು ಬಯಸಿದಂತೆ ಕಂಪನಿಯವರಾಗಿಯೇ ಓದಲಾಗಿದೆ.

ನಿಗದಿತ ಶುಲ್ಕವೆಂದರೆ ಕಂಬ, ತಂತಿ, ಮೀಟರುಗಳನ್ನು ಗ್ರಾಹಕರ ಮನೆಯವರೆಗೆ ತಂದು ಸದಾ ಸಿದ್ಧವಾಗಿಟ್ಟಿರುವುದಕ್ಕೆ ತಗಲುವ ವೆಚ್ಚ. ಉದಾಹರಣೆಗೆ, ಗಿರಾಕಿ ಬರಲಿ ಬಿಡಲಿ, ಹೊಲಿಗೆ ಅಂಗಡಿಯ ಬಾಡಿಗೆ ಕಟ್ಟಲೇಬೇಕಷ್ಟೆ. ಇಬ್ಬರ ಬಿಲ್ಲು ಒಬ್ಬರಿಗೆ ಬರುತ್ತಿರುವ ಬಗ್ಗೆ ದಾಖಲೆಗಳನ್ನು ತರಿಸಿ ನೋಡಲಾಗುವುದು.

ಕಚೇರಿಯ ನಿಯಮದಂತೆ, ಬರಹದಲ್ಲಿ ಬಂದ ಪ್ರತಿ ದೂರಿಗೂ ಆಯಾ ಬಡಾವಣೆಯ ಅಧಿಕಾರಿಯೇ ಬರಹದಲ್ಲಿ ಉತ್ತರಿಸತಕ್ಕದ್ದು. ಗ್ರಾಹಕರು ‘ತೃಪ್ತಿಯಾಗಿದೆ’ ಎಂದು ಸ್ವಂತ ಕೈಯಿಂದ ಬರೆದು ಕಳುಹಿಸುವವರೆಗೆ ಕಡತವನ್ನು ಮುಚ್ಚುವಂತಿಲ್ಲ. ಇದು ತಮ್ಮ ಮಾಹಿತಿಗಾಗಿ.

ಮತ್ತೆ, ಪತ್ರದಲ್ಲಿ ಹತ್ತು ದಿನದ ಜ್ವರದ ಪ್ರಸ್ತಾಪವಿದೆ. ಯಾವ ತಿಂಗಳು, ಯಾವ ಡಾಕ್ಟರು, ಗಂಜಿ ಕಾಯಿಸಿ ಕೊಟ್ಟವರು ಯಾರು, ಈಗ ಹೇಗಿದೆ ಎಂಬ ವಿವರಗಳಿಲ್ಲದೆ ದೂರು ಅಪೂರ್ಣವಾಗಿದೆ. ಕೂಡಲೇ ಒದಗಿಸತಕ್ಕದ್ದು.

ತಮ್ಮ ವಿಶ್ವಾಸಿ,
ದೂರು ಅಧಿಕಾರಿ


ಜನವರಿ 25

ದೂರು ಅಧಿಕಾರಿಗಳಿಗೆ,

ನಿಮ್ಮ ಉತ್ತರ ಬಂತು. ಗ್ರಾಹಕರಿಗೆ ತೃಪ್ತಿಯಾಗುವವರೆಗೆ ಉತ್ತರ ಬರೆಯುತ್ತಲೇ ಇರಬೇಕು ಎಂಬ ನಿಯಮ ಬಹಳ ಚೆನ್ನಾಗಿದೆ. ನನಗೆ ತೃಪ್ತಿಯಾಗಿಲ್ಲ.

ಜ್ವರ ಬಂದದ್ದು ನವೆಂಬರಿನಲ್ಲಿ. ಡಾಕ್ಟರು ಮೂಲೆಯ ಔಷಧಿ ಅಂಗಡಿಯವನೇ. ಗಂಜಿ ನಾನೇ ಕಾಯಿಸಿಕೊಂಡೆ, ಉಪ್ಪು ಹೆಚ್ಚಾಗಿತ್ತು, ಬೈಯಲು ಯಾರೂ ಇರಲಿಲ್ಲ. ಈಗ ಗುಂಡುಕಲ್ಲಿನ ಹಾಗಿದ್ದೇನೆ. ದೂರು ಪೂರ್ಣವಾಯಿತಲ್ಲ?

ಅಂಗಡಿಯ ಬಾಡಿಗೆಯ ಉದಾಹರಣೆ ನನಗೆ ಹೊಂದುವುದಿಲ್ಲ. ನನ್ನ ಅಂಗಡಿ ಇರುವುದು ಸ್ವಂತ ಮನೆಯ ಮುಂದಿನ ಕೋಣೆಯಲ್ಲಿ. ಆ ಕೋಣೆಯ ನೆಲದ ಮೇಲೆ ಬಿದ್ದ ಬಟ್ಟೆಚೂರುಗಳನ್ನು ಆರಿಸಿ ಗೊಂಬೆಗಳಿಗೆ ಅಂಗಿ ಹೊಲಿದವರಿಗೆ ಇದು ಗೊತ್ತಿರಬೇಕಿತ್ತು. ಇರಲಿ, ಕಂಪನಿಗೆ ಗೊಂಬೆಗಳಿಲ್ಲ.

ಈಗ ಹೊಸ ಪ್ರಶ್ನೆ. ಬಿಲ್ಲಿನಲ್ಲಿ ಮೊದಲ ಕೆಲವು ಯೂನಿಟ್‌ಗಳಿಗೆ ಒಂದು ದರ, ಅದನ್ನು ದಾಟಿದರೆ ಹೆಚ್ಚಿನ ದರ, ಅದನ್ನೂ ದಾಟಿದರೆ ಕಣ್ಣು ಕತ್ತಲೆ ಬರುವ ದರ. ಬಟ್ಟೆ ಅಂಗಡಿಯಲ್ಲಿ ಹೆಚ್ಚು ಕೊಂಡವರಿಗೆ ಬೆಲೆ ಇಳಿಸಿ, ಮೇಲೊಂದು ಚೀಲವನ್ನೂ ಕೊಟ್ಟು ಕಳಿಸುತ್ತಾರೆ. ನಿಮ್ಮಲ್ಲಿ ಹೆಚ್ಚು ಕೊಂಡವರ ಕುತ್ತಿಗೆಗೇ ಕೈ. ಇದು ಯಾವ ಸೀಮೆಯ ವ್ಯಾಪಾರ?

ಕೊನೆಯದಾಗಿ, ನಿಮ್ಮ ಅಧಿಕಾರಿಯ ಸಹಿ ನೋಡಿದೆ. ಈ ಸಹಿ ಮೊದಲು ಗುಂಡಗಿರುತ್ತಿತ್ತು, ಈಗ ಕಡ್ಡಿಯ ಹಾಗೆ ಆಗಿದೆ. ಹೊತ್ತಿಗೆ ಸರಿಯಾಗಿ ಊಟ ಮಾಡದವರ ಸಹಿ ಹೀಗಿರುತ್ತದೆ. ಕಂಪನಿಯವರು ತಮ್ಮ ಅಧಿಕಾರಿಗಳಿಗೆ ಮಧ್ಯಾಹ್ನ ಊಟದ ಬಿಡುವು ಕೊಡುತ್ತಾರೋ ಇಲ್ಲವೋ ತಿಳಿಸಬೇಕು. ಗ್ರಾಹಕರಿಗೆ ತಿಳಿದುಕೊಳ್ಳುವ ಹಕ್ಕಿದೆ.

ಇಂತಿ,
ಇನ್ನೂ ತೃಪ್ತಿಯಾಗದ ಗ್ರಾಹಕಿ


ಫೆಬ್ರುವರಿ 5

ಮಾನ್ಯ ಗ್ರಾಹಕರೇ,

ದರಗಳ ಬಗ್ಗೆ: ಕರೆಂಟನ್ನು ಬಟ್ಟೆಯ ಹಾಗೆ ಥಾನು ಮಾಡಿ ಸುತ್ತಿಡಲು ಬರುವುದಿಲ್ಲ. ಎಲ್ಲರೂ ಒಟ್ಟಿಗೆ ಹೆಚ್ಚು ಬಳಸಿದರೆ ಇದ್ದದ್ದು ಸಾಲುವುದಿಲ್ಲ. ಆದ್ದರಿಂದ ಕಡಿಮೆ ಬಳಸುವ ಮನೆಗೆ ಕಡಿಮೆ ದರ, ಧಾರಾಳಿಗಳಿಗೆ ಹೆಚ್ಚು ದರ. ದಾಟಿದ ಯೂನಿಟ್‌ಗಳಿಗೆ ಮಾತ್ರ ಹೆಚ್ಚಿನ ದರವೇ ಹೊರತು ಎಲ್ಲ ಯೂನಿಟ್‌ಗಳಿಗೂ ಅಲ್ಲ. ಗಾಬರಿಯಾಗತಕ್ಕದ್ದಲ್ಲ.

ಸಹಿಯ ಬಗ್ಗೆ: ಅಧಿಕಾರಿಯ ಊಟ ಈ ವಿಭಾಗದ ವ್ಯಾಪ್ತಿಗೆ ಬರುವುದಿಲ್ಲ. ದಿನಕ್ಕೆ ಇಷ್ಟು ಕಾಗದಗಳಿಗೆ ಸಹಿ ಹಾಕಿದರೆ ಎಂಥ ಗುಂಡಗಿನ ಸಹಿಯೂ ಕಡ್ಡಿಯಾಗುತ್ತದೆ. ಊಟದ ಡಬ್ಬಿಯನ್ನು ದಿನವೂ ಒಬ್ಬರು ಕಟ್ಟಿ ಕೈಗೆ ಕೊಡುತ್ತಾರೆ. ಪಲ್ಯ ಚೆನ್ನಾಗಿರುತ್ತದೆ. ಅಧಿಕಾರಿಯ ತಾಯಿಗೆ ಪಲ್ಯ ಮಾಡಲು ಎಂದೂ ಬಂದದ್ದಿಲ್ಲವಾದ್ದರಿಂದ ಹೋಲಿಕೆ ಸಾಧ್ಯವಿಲ್ಲ.

ಮುಖ್ಯ ವಿಷಯ. ತಮ್ಮ ದಾಖಲೆಗಳನ್ನು ತರಿಸಿ ನೋಡಲಾಯಿತು. ಕಳೆದ ಒಂದೂವರೆ ವರ್ಷದಿಂದ ತಮ್ಮ ಮೀಟರನ್ನು ಯಾರೂ ಓದಿಯೇ ಇಲ್ಲ. ಪ್ರತಿ ತಿಂಗಳೂ ‘ಬಾಗಿಲು ಮುಚ್ಚಿತ್ತು’ ಎಂದು ಬರೆದು, ಅದಕ್ಕೂ ಹಿಂದಿನ ತಿಂಗಳುಗಳ ಸರಾಸರಿ ತೆಗೆದು ಬಿಲ್ಲು ಮಾಡಲಾಗಿದೆ. ಬಿಲ್ಲಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಹಾಗೆಂದು ಅಚ್ಚಾಗಿಯೂ ಇದೆ. ತಾವು ಮನೆಯಲ್ಲಿ ಇರುವುದಿಲ್ಲವೇ?

ತಮ್ಮ ವಿಶ್ವಾಸಿ,
ದೂರು ಅಧಿಕಾರಿ


ಫೆಬ್ರುವರಿ 12

ದೂರು ಅಧಿಕಾರಿಗಳಿಗೆ,

ಪಲ್ಯದ ಮಾತು ಆಮೇಲೆ. ಇಡೀ ದಿನ ಯಂತ್ರದ ಮುಂದೆ ಕೂತವಳು ಮಾಡಿದ ಪಲ್ಯ ತಿಂದೇ ಒಬ್ಬರು ಅಧಿಕಾರಿಯಾಗುವಷ್ಟು ಬೆಳೆದದ್ದು ಎಂಬುದನ್ನು ಕಡತದಲ್ಲಿ ಸೇರಿಸಿಕೊಳ್ಳಿ.

ಬಾಗಿಲು ಮುಚ್ಚಿತ್ತಂತೆ. ಬೆಳಗ್ಗೆ ಹಾಲಿನವನು ಬರುವ ಹೊತ್ತಿಗೆ ತೆಗೆದ ಬಾಗಿಲನ್ನು ನಾನು ಮುಚ್ಚುವುದು ರಾತ್ರಿಯ ಊಟದ ಹೊತ್ತಿಗೆ. ಬಾಗಿಲು ಮುಚ್ಚಿದರೆ ನನಗೆ ಗಿರಾಕಿ ಎಲ್ಲಿಂದ ಬರಬೇಕು? ನಡುವೆ ಬೀದಿಯ ಬೆಕ್ಕೂ ಬಂದು ಹೋಗುತ್ತದೆ. ಬೆಕ್ಕಿಗೆ ಕಾಣುವ ಬಾಗಿಲು ನಿಮ್ಮ ಮೀಟರ್ ಓದುವವರಿಗೆ ಕಾಣುವುದಿಲ್ಲವೇ? ಕಳ್ಳನಿಗೊಂದು ಪಿಳ್ಳೆ ನೆವ. ಬಿಸಿಲಿನಲ್ಲಿ ನಡೆಯಲಾರದೆ ಎಲ್ಲೋ ನೆರಳಿನಲ್ಲಿ ಕೂತು ಬರೆದುಕೊಂಡು ಹೋಗಿದ್ದಾರೆ.

ಸಣ್ಣ ಅಕ್ಷರವಂತೆ. ಸೂಜಿಯ ಕಣ್ಣಿಗೆ ದಾರ ಪೋಣಿಸುವವಳಿಗೇ ಕಾಣದಷ್ಟು ಸಣ್ಣಗೆ ಬರೆಯುವವರು ಓದಲಿ ಎಂದು ಬರೆದಿರುವುದಿಲ್ಲ.

ಆ ಸುಳ್ಳುಗಾರರು ಯಾರೆಂದು ಪತ್ತೆ ಮಾಡಿ. ಅದರಲ್ಲೂ ಆ ಕತ್ತರಿ, ನಮ್ಮ ಲೈನು ಕತ್ತರಿಸಿ ಹೋದವನು, ಅವನೂ ಇದರಲ್ಲಿ ಇದ್ದಾನೆಯೇ ನೋಡಿ. ಇದ್ದರೆ ನನಗೇನೂ ಆಶ್ಚರ್ಯವಾಗುವುದಿಲ್ಲ. ಶಾಲೆಯ ಮಕ್ಕಳ ಸಮವಸ್ತ್ರದ ಆರ್ಡರು, ಎಲ್ಲ ಮುಗಿದು ಕೊನೆಯ ಅಂಗಿಗೆ ಒಂದು ತೋಳು ಮಾತ್ರ ಬಾಕಿ ಇರುವಾಗ ಫ್ಯೂಸು ಕಿತ್ತುಕೊಂಡು ಜೇಬಿಗೆ ಹಾಕಿಕೊಂಡು ಹೋದ ಮಹಾನುಭಾವ ಅವನು. ಆ ತೋಳನ್ನು ಕೈಹೊಲಿಗೆಯಲ್ಲಿ ಮುಗಿಸಿದೆ. ಈಗಲೂ ಹೆಬ್ಬೆರಳು ನೋಯುತ್ತದೆ.

ಇಂತಿ,
ಬಾಗಿಲು ತೆರೆದಿಟ್ಟ ಗ್ರಾಹಕಿ


ಮಾರ್ಚ್ 4

ಮಾನ್ಯ ಗ್ರಾಹಕರೇ,

ತಮ್ಮ ದೂರಿನ ಮೇಲೆ ವಿಚಾರಣೆ ನಡೆಸಲಾಯಿತು. ತಮ್ಮ ಬೀದಿಗೆ ಸರದಿಯಂತೆ ಬರುವ ಇಬ್ಬರು ಮೀಟರ್ ಓದುವವರನ್ನು ಕರೆಸಿ ಕೇಳಲಾಗಿದೆ. ಅವರು ಹೇಳಿದ್ದನ್ನು ಇದ್ದ ಹಾಗೆಯೇ ತಿಳಿಸುವುದು ಈ ಕಚೇರಿಯ ಕರ್ತವ್ಯ.

ಮೊದಲನೆಯವರು ಕನ್ನಡಕದವರು. ತಮ್ಮ ಮೀಟರು ಒಳಮನೆಯ ಗೋಡೆಯಲ್ಲಿದೆ, ಅಲ್ಲಿಗೆ ಹೋಗಲು ಹೊಲಿಗೆ ಯಂತ್ರವನ್ನು ದಾಟಬೇಕು, ದಾಟಲು ಗ್ರಾಹಕರು ಬಿಡುವುದಿಲ್ಲ ಎಂದು ಅವರ ಹೇಳಿಕೆ. ಒಳಗೆ ಕಾಲಿಟ್ಟ ಕೂಡಲೇ ಸ್ಟೂಲಿನ ಮೇಲೆ ಕೂರಿಸಿ, ಕೈಗೆ ಚಹಾ ಕೊಟ್ಟು, ನಿಮ್ಮ ಆಫೀಸಿನ ಆ ಕತ್ತರಿ ಹೇಗಿದ್ದಾನೆ ಎಂದು ಶುರು ಮಾಡುತ್ತಾರಂತೆ. ಅವನು ಕುಡಿಯುತ್ತಾನೆಯೇ, ಸಿಡುಕನೇ, ಸಂಬಳ ಮನೆಗೆ ತರುತ್ತಾನೆಯೇ, ಹೆಂಡತಿಯನ್ನು ಏನೆಂದು ಕರೆಯುತ್ತಾನೆ, ಅವರ ಮನೆಗೆ ಬಿಸಿಲು ಬರುತ್ತದೆಯೇ, ಅವಳು ಈಗಲೂ ಒದ್ದೆ ತಲೆಯಲ್ಲೇ ಕೆಲಸಕ್ಕೆ ಹೋಗುತ್ತಾಳೆಯೇ. ಇವರು ಗೊತ್ತಿಲ್ಲ ಎಂದರೆ ಮುಂದಿನ ತಿಂಗಳು ತಿಳಿದುಕೊಂಡು ಬರಬೇಕೆಂದು ಹೇಳಿ ಕಳಿಸುತ್ತಾರಂತೆ. ಮೀಟರಿನ ನೆನಪು ಬರುವ ಹೊತ್ತಿಗೆ ನಾನು ಮುಂದಿನ ಬೀದಿಯಲ್ಲಿರುತ್ತೇನೆ ಎಂದು ಅವರು ಬರೆದುಕೊಟ್ಟಿದ್ದಾರೆ.

ಎರಡನೆಯವರು ಉದ್ದನೆಯವರು. ಅವರದ್ದೂ ಇದೇ ಕಥೆ. ಜೊತೆಗೆ, ಅಂಗಿಯ ಗುಂಡಿ ಸಡಿಲವಾಗಿದೆ ಎಂದು ಅಲ್ಲೇ ಕೂರಿಸಿ ಹೊಲಿದುಕೊಟ್ಟರು, ಬಹಳ ಒಳ್ಳೆಯ ಹೆಂಗಸು, ಆದರೆ ಪ್ರಶ್ನೆಗಳಿಗೆ ಹೆದರಿ ಆಮೇಲೆ ಆ ಬಾಗಿಲಿಗೇ ಹೋಗಲಿಲ್ಲ ಎಂದಿದ್ದಾರೆ. ಇಬ್ಬರಿಗೂ ದಂಡ ವಿಧಿಸಲಾಗಿದೆ. ಕಟ್ಟುತ್ತೇವೆ, ಆ ಮನೆಗೆ ಮಾತ್ರ ಕಳಿಸಬೇಡಿ ಎಂಬುದು ಇಬ್ಬರ ಮನವಿ.

ಬಾಗಿಲು ತೆರೆದೇ ಇತ್ತೆಂಬ ತಮ್ಮ ಮಾತನ್ನು ಕಚೇರಿ ಒಪ್ಪುತ್ತದೆ. ಆದರೂ ಮದುವೆಯ ಮಾರನೆಯ ದಿನ ಗಂಡ ಹೆಂಡತಿ ಬಂದು ನಿಂತಾಗ ಅದೇ ಬಾಗಿಲು ಮುಚ್ಚಿತ್ತು, ಒಳಗೆ ಯಂತ್ರ ಓಡುವುದು ಕೇಳುತ್ತಿತ್ತು, ತಟ್ಟಿದಷ್ಟೂ ಜೋರಾಗಿ ಓಡಿತು ಎಂಬುದಕ್ಕೆ ಈ ಅಧಿಕಾರಿಯೇ ಸಾಕ್ಷಿ.

ಇನ್ನು ಬಿಲ್ಲಿನ ಲೆಕ್ಕ. ಮೀಟರು ಕೊನೆಯ ಬಾರಿ ಓದಿದ್ದು ತಮ್ಮ ಮನೆಯಲ್ಲಿ ಇಬ್ಬರಿದ್ದಾಗ. ಆಗಿನ ಗೀಸರು, ಆಗಿನ ರೇಡಿಯೊ ಎಲ್ಲವೂ ಆ ಸರಾಸರಿಯಲ್ಲಿ ಸೇರಿವೆ. ಮೀಟರನ್ನು ಒಮ್ಮೆ ಸರಿಯಾಗಿ ಓದಿದರೆ ಬಿಲ್ಲು ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ತಮ್ಮ ಬೀದಿಗೆ ಹೋಗಲು ಒಪ್ಪಿರುವವರು ಇಡೀ ಕಚೇರಿಯಲ್ಲಿ ಒಬ್ಬರೇ. ಅವರು ಯಾರೆಂದು ಬಿಡಿಸಿ ಹೇಳುವ ಅಗತ್ಯವಿಲ್ಲ. ಏಪ್ರಿಲ್ ಎರಡನೆಯ ವಾರ ಕಳುಹಿಸಲೇ?

ತಮ್ಮ ವಿಶ್ವಾಸಿ,
ದೂರು ಅಧಿಕಾರಿ


ಮಾರ್ಚ್ 11

ದೂರು ಅಧಿಕಾರಿಗಳಿಗೆ,

ಆ ಇಬ್ಬರಿಗೂ ನಾನು ಕೊಟ್ಟ ಚಹಾ ಬೇವಾಗಲಿ. ಕುಡಿಯುವಾಗ ಬಾಯಿ ಮುಚ್ಚಿಕೊಂಡಿದ್ದವರು ವಿಚಾರಣೆಯಲ್ಲಿ ತೆರೆದಿದ್ದಾರೆ. ನಾನು ಕೇಳಿದ್ದು ಲೋಕಾಭಿರಾಮವಾಗಿ. ಮನೆಗೆ ಬಂದವರ ಹತ್ತಿರ ಕರೆಂಟಿನವರ ವಿಷಯ ಅಲ್ಲದೆ ಇನ್ನೇನು ಮಾತಾಡಲಿ? ಉದ್ದನೆಯವನ ದಂಡ ಮಾತ್ರ ಮಾಫಿ ಮಾಡಿ, ಪಾಪ, ಅವನು ಪ್ರತಿ ಸಲವೂ ‘ಚೆನ್ನಾಗಿದ್ದಾರೆ’ ಎಂದು ಹೇಳಿಯೇ ಓಡುತ್ತಿದ್ದ.

ಮದುವೆಯ ಮಾರನೆಯ ದಿನದ ವಿಷಯ ಬಿಲ್ಲಿಗೆ ಸಂಬಂಧಿಸಿದ್ದಲ್ಲ. ಆದರೂ ಕೇಳಿದ್ದೀರಿ, ಹೇಳುತ್ತೇನೆ. ಅಂದು ಯಂತ್ರದಲ್ಲಿ ಬಟ್ಟೆ ಇರಲಿಲ್ಲ. ಬರಿದೇ ಓಡಿಸುತ್ತಿದ್ದೆ.

ಆ ಕತ್ತರಿಯನ್ನು ಕಳಿಸುವುದು ಬೇಡ. ಅವನು ಬಂದರೆ ನಾನು ಏನಾದರೂ ಅನ್ನುತ್ತೇನೆ, ಆಮೇಲೆ ನಿಮ್ಮ ಕಂಪನಿಗೇ ಕೆಟ್ಟ ಹೆಸರು. ಬಿಲ್ಲು ಈಗ ಇರುವ ಹಾಗೆಯೇ ಇರಲಿ. ಅರ್ಧಕ್ಕೆ ಇಳಿಸುವುದು ನನಗೆ ಬೇಕಿಲ್ಲ. ನಿಮ್ಮ ಲೆಕ್ಕದ ಪ್ರಕಾರ ಈ ಮನೆಯಲ್ಲಿ ಈಗಲೂ ಇಬ್ಬರಿದ್ದಾರೆ. ಇರಲಿ ಬಿಡಿ. ನಿಮಗೇನು ನಷ್ಟ?

ಆದರೆ ದೂರು ವಾಪಸು ಪಡೆದೆ ಎಂದು ತಿಳಿಯಬೇಡಿ. ನಮ್ಮ ಬೀದಿಯ ದೀಪ ಹಗಲೂ ಉರಿಯುತ್ತದೆ. ಅದರ ಬಗ್ಗೆ ವಿವರವಾಗಿ, ಒಂದು ಹಾಳೆಗೆ ಕಡಿಮೆ ಇಲ್ಲದ ಹಾಗೆ ಉತ್ತರ ಕೊಡಬೇಕು.

ಇಂತಿ,
ಗ್ರಾಹಕಿ


ಮಾರ್ಚ್ 28

ಮಾನ್ಯ ಗ್ರಾಹಕರೇ,

ಬೀದಿ ದೀಪಕ್ಕೂ ನಮ್ಮ ವಿಭಾಗಕ್ಕೂ ಸಂಬಂಧವಿಲ್ಲ. ಹಾಳೆ ತುಂಬಬೇಕು ಎಂದಿದ್ದೀರಿ, ಆದ್ದರಿಂದ ಬೇರೆ ವಿಷಯ ಬರೆಯುತ್ತೇನೆ. ಇಂದು ಸಂಜೆ ಎಲ್ಲರೂ ಹೋದ ಮೇಲೆ ಕೂತು ಬರೆಯುತ್ತಿರುವುದರಿಂದ ಭಾಷೆಯಲ್ಲಿ ವ್ಯತ್ಯಾಸ ಕಂಡರೆ ಕ್ಷಮಿಸತಕ್ಕದ್ದು.

ನಿಮ್ಮ ಮನೆಯ ಲೈನು ಕತ್ತರಿಸಿದ್ದು ಬಿಲ್ಲು ಕಟ್ಟದ್ದಕ್ಕೆ. ಬಿಲ್ಲು ಕಟ್ಟದೆ ಉಳಿದದ್ದು ಏಕೆಂದರೆ ಆ ತಿಂಗಳ ಬಿಲ್ಲಿನ ಕಾಗದ ಗಟ್ಟಿಯಾಗಿದೆ ಎಂದು ಗ್ರಾಹಕರು ಅದನ್ನು ಮಕ್ಕಳ ಅಂಗಿಯ ಕಾಲರಿನ ನಮೂನೆಗೆ ಕತ್ತರಿಸಿಕೊಂಡಿದ್ದರು. ಅಷ್ಟೂ ಸಮವಸ್ತ್ರಗಳ ಕಾಲರು ಆ ಬಿಲ್ಲಿನ ಅಳತೆಯಲ್ಲೇ ಆದವು. ನೋಟಿಸು ಬಂದಿತ್ತು, ಅದು ಜೇಬಿನ ನಮೂನೆಯಾಯಿತು. ಇದು ಗೊತ್ತಿದ್ದೂ ಅಧಿಕಾರಿ ಇಷ್ಟು ದಿನ ಬಾಯಿ ಬಿಟ್ಟಿಲ್ಲ. ಕತ್ತರಿಯಿಂದಲೇ ಹೊಟ್ಟೆ ಹೊರೆಯುವ ಮನೆಯಲ್ಲಿ ಇನ್ನೊಬ್ಬರನ್ನು ಕತ್ತರಿ ಎಂದು ಬೈಯುವುದು ಹೇಗೋ ನನಗೆ ಇಂದಿಗೂ ಅರ್ಥವಾಗಿಲ್ಲ.

ಅವರು ಅಂದು ನಿಮ್ಮ ಮನೆಗೆ ಬೆಳಗ್ಗೆಯೇ ಬಂದಿದ್ದರು. ಒಳಗೆ ಯಂತ್ರ ಓಡುತ್ತಿತ್ತು, ಕಿಟಕಿಯಲ್ಲಿ ಪುಟ್ಟ ಅಂಗಿಗಳ ರಾಶಿ ಕಂಡಿತು. ನಿಮ್ಮ ಮನೆಯನ್ನು ಪಟ್ಟಿಯ ಕೊನೆಗೆ ಹಾಕಿಕೊಂಡು ಊರೆಲ್ಲ ಸುತ್ತಿ ಸಂಜೆ ಬಂದರು. ಅಷ್ಟರಲ್ಲಿ ಮುಗಿದಿರುತ್ತದೆ ಎಂದುಕೊಂಡರಂತೆ. ಒಂದು ತೋಳು ಬಾಕಿ ಇದ್ದದ್ದು ಅವರಿಗೆ ಗೊತ್ತಿರಲಿಲ್ಲ. ಆಗ ನಾನಿನ್ನೂ ಈ ಕಚೇರಿಗೆ ಸೇರಿರಲಿಲ್ಲ; ಮಾರನೆಯ ದಿನ ದುಡ್ಡು ಕಟ್ಟಲು ಬಂದಾಗ ಅವರು ಮೊದಲು ಕೇಳಿದ್ದೇ ಆ ಅಂಗಿಗಳು ಮುಗಿದವೇ ಎಂದು. ಆಗಲೇ ನನಗೆ ಈ ಮನುಷ್ಯ ಇಷ್ಟವಾದದ್ದು. ಇದನ್ನು ಹೇಳಲು ಮದುವೆಯ ಮಾರನೆಯ ದಿನ ಬಂದಿದ್ದೆ. ಬಾಗಿಲ ಹೊರಗಿನಿಂದ ಕೂಗಿ ಹೇಳುವ ಮಾತಲ್ಲ ಅದು.

ಇನ್ನೊಂದು ವಿಷಯ. ವಿಚಾರಣೆಯ ಕಾಗದಗಳು ಮೇಲಧಿಕಾರಿಯ ಮೇಜಿಗೆ ಹೋದವು. ಓದಿ ಬಹಳ ಹೊತ್ತು ನಕ್ಕರು, ಆಮೇಲೆ ಮುಖ ಗಂಟಿಕ್ಕಿಕೊಂಡು, ಸ್ವಂತ ತಾಯಿಯ ಕಡತವನ್ನು ಮಗಳು ನೋಡುವಂತಿಲ್ಲ ಎಂದರು. ಏಪ್ರಿಲ್ ಒಂದರಿಂದ ನಿಮ್ಮ ಬಡಾವಣೆ ಬೇರೆ ಅಧಿಕಾರಿಗೆ ಹೋಗುತ್ತದೆ. ಇಲ್ಲಿಂದ ನಾನು ಬರೆಯುವ ಕೊನೆಯ ಉತ್ತರ ಇದು. ನನ್ನ ಮನೆಯ ವಿಳಾಸವನ್ನು ಕೆಳಗೆ ಬರೆದಿದ್ದೇನೆ. ಬಳಸುವುದು ಬಿಡುವುದು ನಿಮಗೆ ಬಿಟ್ಟದ್ದು.

ಮೀಟರು ಓದಲು ಅವರು ಬಂದೇ ಬರುತ್ತಾರೆ. ಓದದೆ ಬಿಟ್ಟರೆ ಅವರ ಕೆಲಸಕ್ಕೇ ತೊಂದರೆ. ಬೈಯುವುದಿದ್ದರೆ ಓದಿ ಮುಗಿಸಿದ ಮೇಲೆ ಬೈಯಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ದೂರು ಅಧಿಕಾರಿ (ಮೂರು ದಿನದ ಮಟ್ಟಿಗೆ)


ಏಪ್ರಿಲ್ 7

ಶ್ರೀಯುತರೇ,

ಬೀದಿ ದೀಪ ಹಗಲೂ ಉರಿಯುವ ಬಗ್ಗೆ ತಾವು ನೀಡಿದ ದೂರನ್ನು ಪರಿಶೀಲಿಸಲಾಗಿದೆ. ಅದು ಈ ವಿಭಾಗಕ್ಕೆ ಸಂಬಂಧಿಸಿದ್ದಲ್ಲ. ತಮಗೆ ತೃಪ್ತಿಯಾಗಿದೆ ಎಂದು ಭಾವಿಸಲಾಗಿದೆ. ಬಿಲ್ಲನ್ನು ಅರ್ಥ ಮಾಡಿಕೊಳ್ಳುವ ಬಗೆಯನ್ನು ತಿಳಿಸುವ ಅಚ್ಚಾದ ಹಾಳೆಯೊಂದನ್ನು ಲಗತ್ತಿಸಿದೆ.

ತಮ್ಮ ವಿಶ್ವಾಸಿ,
ದೂರು ಅಧಿಕಾರಿ (ಹೊಸಬರು)


ಏಪ್ರಿಲ್ 26

ಮಗಳೇ,

ಕಂಪನಿಗಲ್ಲ, ನಿನಗೇ ಬರೆಯುತ್ತಿದ್ದೇನೆ. ಆಣೆ ಮುರಿದಿದ್ದೇನೆ, ಆಗುವುದು ಆಗಲಿ. ನಿಮ್ಮ ಹೊಸ ಅಧಿಕಾರಿ ನನ್ನನ್ನು ಶ್ರೀಯುತರೇ ಎಂದು ಕರೆದಿದ್ದಾನೆ. ಎರಡು ಸಾಲಿನ ಉತ್ತರ, ಒಂದು ಅಚ್ಚಿನ ಹಾಳೆ. ಜ್ವರ ಬಂದಿತ್ತೇ ಎಂದು ಕೇಳುವ ಬಾಯಿಯಲ್ಲ ಅದು. ಇಂಥವನ ಜೊತೆ ನಾನು ಯಾವ ಮುಖಕ್ಕೆ ಜಗಳವಾಡಲಿ?

ನಿನ್ನ ಗಂಡ ಬಂದಿದ್ದ. ಬಾಗಿಲು ತೆರೆದೇ ಇತ್ತು. ಆದರೂ ಹೊಸ್ತಿಲಾಚೆ ನಿಂತು, ಚಪ್ಪಲಿ ಬಿಟ್ಟು, ಮತ್ತೆ ಹಾಕಿಕೊಂಡು, ಮತ್ತೆ ಬಿಟ್ಟ. ನಾನು ತಲೆ ಎತ್ತದೆ ಹೊಲಿಯುತ್ತಿದ್ದೆ. ಈ ಸಲ ಯಂತ್ರದಲ್ಲಿ ಬಟ್ಟೆ ಇತ್ತು. ಕೊನೆಗೆ ಅವನು, “ಅಮ್ಮಾ, ಮೀಟರ್ ನೋಡ್ಬೇಕಿತ್ತು” ಎಂದ. ಕಳ್ಳ ಬಂದು ಕದಿಯಲು ಅಪ್ಪಣೆ ಕೇಳಿದ ಹಾಗಿತ್ತು ಅವನ ದನಿ. ನೋಡ್ಕೋ ಎಂದೆ. ಯಂತ್ರವನ್ನು ಮುಟ್ಟದೆ, ಗೋಡೆಗೆ ಬೆನ್ನು ಉಜ್ಜಿಕೊಂಡು ಒಳಗೆ ಹೋದ. ಒಂದೂವರೆ ವರ್ಷದಲ್ಲಿ ಆ ಮೀಟರಿನ ಹತ್ತಿರ ತಲುಪಿದ ಮೊದಲ ಮನುಷ್ಯ ಅವನೇ. ಅಂಕಿಗಳನ್ನು ಎರಡೆರಡು ಸಲ ಗಟ್ಟಿಯಾಗಿ ಓದಿ ಬರೆದುಕೊಂಡ. ಪರೀಕ್ಷೆಗೆ ಕೂತ ಹುಡುಗರು ಹಾಗೆ ಓದುತ್ತಾರೆ.

ನಾನು ಬೈಗುಳಗಳನ್ನೆಲ್ಲ ಸಾಲಾಗಿ ಜೋಡಿಸಿ ಇಟ್ಟುಕೊಂಡಿದ್ದೆ. ಅವನು ಹೊರಡುವಾಗ ನೋಡಿದರೆ ತೋಳಿನ ಹೊಲಿಗೆ ಬಿಚ್ಚಿಕೊಂಡಿದೆ. ಯಾವನೋ ಅರೆಬೆಂದ ದರ್ಜಿ ಒಂದೇ ದಾರದಲ್ಲಿ ಎಳೆದು ಬಿಟ್ಟಿದ್ದಾನೆ. ಅಂಥ ಅಂಗಿ ಹಾಕಿಕೊಂಡು ನನ್ನ ಅಳಿಯ ಬೀದಿಯಲ್ಲಿ ತಿರುಗಿದರೆ ಜನ ನಗುವುದು ಯಾರನ್ನು? ಬಿಚ್ಚು ಎಂದೆ. ಅವನು ಹೆದರಿ ಮೊದಲು ಬ್ಯಾಗು ತೆಗೆದಿಟ್ಟ, ಆಮೇಲೆ ಕೈಗಡಿಯಾರ ಬಿಚ್ಚಿದ. ಅಂಗಿ, ಅಂಗಿ ಎಂದೆ. ಬನಿಯನ್ನಿನಲ್ಲಿ ಸ್ಟೂಲಿನ ಮೇಲೆ ಕೈಕಟ್ಟಿ ಕೂತ. ಚಹಾ ಕೊಟ್ಟೆ. ಸಕ್ಕರೆ ಹಾಕುವುದು ಮರೆತಿದ್ದೆ ಎಂದು ಆಮೇಲೆ ನೆನಪಾಯಿತು, ಅವನು ಉಸಿರೆತ್ತದೆ ಕುಡಿದ. ಇಷ್ಟೊಂದು ಮೆತ್ತಗಿರುವವನು ನಿನ್ನ ಜೊತೆ ಹೇಗೆ ಬಾಳುತ್ತಾನೋ.

ಊರವರ ಹತ್ತಿರ ಕೇಳುತ್ತಿದ್ದ ಪ್ರಶ್ನೆಗಳನ್ನೆಲ್ಲ ಅವನ ಹತ್ತಿರವೇ ಕೇಳಬೇಕೆಂದುಕೊಂಡೆ. ಒಂದೂ ಬಾಯಿಗೆ ಬರಲಿಲ್ಲ. “ಅವಳು ಚೆನ್ನಾಗಿದ್ದಾಳಾ?” ಅಂತಷ್ಟೇ ಕೇಳಿದೆ. ಅವನು ಲೋಟ ಕೆಳಗಿಟ್ಟ.

“ನಿಮ್ಮ ದೂರು ಬಂದ ದಿನ ಚೆನ್ನಾಗಿರ್ತಾಳಮ್ಮ. ಮನೆಗೆ ಬಂದು ಪೂರ್ತಿ ಹೇಳಿ ನಗ್ತಾಳೆ. ಆಮೇಲೆ ಬಚ್ಚಲಿಗೆ ಹೋಗಿ ಅಳ್ತಾಳೆ” ಎಂದ. “ಈ ತಿಂಗಳು ನಿಮ್ಮದು ಏನೂ ಬಂದಿಲ್ಲ.”

ನಾನು ಹೊಲಿಗೆಯ ಮೇಲೆ ಬಗ್ಗಿದೆ. ತೋಳಿಗೆ ಎರಡು ಸಾಲು ಸಾಕಿತ್ತು, ನಾಲ್ಕು ಹಾಕಿದ್ದೇನೆ. ಇನ್ನು ಆ ಅಂಗಿ ಹರಿದರೂ ತೋಳು ಹರಿಯುವುದಿಲ್ಲ.

ಅಂದು ನಾನು ಬಾಗಿಲು ತೆಗೆಯಬೇಕಿತ್ತು, ಮಗಳೇ. ನೀನು ತಟ್ಟುತ್ತಿದ್ದದ್ದು ನನಗೆ ಕೇಳಿಸಿತ್ತು. ತೆಗೆದರೆ ಅತ್ತುಬಿಡುತ್ತೇನೆ, ಅವನ ಎದುರಿಗೆ ಅಳಬಾರದು ಎಂಬ ಹಟ. ಅಷ್ಟೇ. ಬೇರೆ ಯಾವ ಕಾರಣವೂ ಇರಲಿಲ್ಲ.

ನಿನ್ನೆ ಹೊಸ ಬಿಲ್ಲು ಬಂತು. ಅವನು ಓದಿದ ಅಂಕಿಯ ಪ್ರಕಾರ ಮಾಡಿದ್ದು. ಅರ್ಧವೂ ಇಲ್ಲ. ಎದುರುಮನೆಯವರಿಗೆ ತೋರಿಸಿದೆ, ಅದೃಷ್ಟವಂತೆ ಎಂದರು. ಒಳಗೆ ಬಂದು ಬಹಳ ಹೊತ್ತು ಅದನ್ನೇ ಹಿಡಿದುಕೊಂಡು ಕೂತಿದ್ದೆ. ಇಷ್ಟು ದಿನ ಬಿಲ್ಲು ಬಂದಾಗಲೆಲ್ಲ ಬೈದುಕೊಂಡು ಕಟ್ಟುತ್ತಿದ್ದೆ, ಕಟ್ಟುವಾಗ ನೀನು ಒಳಗೆ ಎಲ್ಲೋ ರೇಡಿಯೊ ಹಾಕಿಕೊಂಡು ಇದ್ದೀಯ ಎಂದೇ ಅನ್ನಿಸುತ್ತಿತ್ತು. ನಿನ್ನೆಯ ಬಿಲ್ಲಿನಲ್ಲಿ ನೀನಿಲ್ಲ. ನೀನು ಮನೆ ಬಿಟ್ಟು ಹೋದದ್ದು ನನಗೆ ನಿಜವಾಗಿ ಗೊತ್ತಾದದ್ದು ನಿನ್ನೆ.

ಅಡಿಯಲ್ಲಿ ಇನ್ನೊಂದು ಸಾಲಿತ್ತು. ಈ ಸಲ ಭೂತಗನ್ನಡಿ ಹಿಡಿದು ಓದಿದೆ. ನಾನು ಇಷ್ಟು ದಿನ ಹೆಚ್ಚಿಗೆ ಕಟ್ಟಿದ್ದೆಲ್ಲ ನನ್ನ ಹೆಸರಿನಲ್ಲಿ ಜಮೆಯಾಗಿದೆಯಂತೆ, ಅದು ತೀರುವವರೆಗೆ ಬಿಲ್ಲು ಕಟ್ಟಬೇಕಾಗಿಲ್ಲವಂತೆ. ಅಂದರೆ ನೀನಿಲ್ಲದಾಗ ನಿನ್ನ ಪಾಲಿಗೆ ಕಟ್ಟಿದ ಕರೆಂಟು ಅಷ್ಟೂ ಇಲ್ಲಿ ಬಿದ್ದಿದೆ. ನಾನೊಬ್ಬಳೇ ಎಷ್ಟು ಉರಿಸಿದರೂ ಅದು ಮುಗಿಯುವುದಿಲ್ಲ. ಲೆಕ್ಕ ಹಾಕಿ ನೋಡಿದೆ, ನನಗೆ ಕೈಲಾಗುವ ಕೆಲಸವಲ್ಲ.

ಭಾನುವಾರ ಇಬ್ಬರೂ ಬನ್ನಿ. ಗೀಸರು ಬೆಳಗ್ಗೆಯೇ ಹಾಕಿರುತ್ತೇನೆ. ನಿನಗೆ ಬೇಕಾದಷ್ಟು ಹೊತ್ತು ಸ್ನಾನ ಮಾಡು, ನಾನು ಬಾಗಿಲು ಬಡಿಯುವುದಿಲ್ಲ.

ಅಮ್ಮ